ಒಂದೇ ಡೇರೆ, ಎರಡು ಚಳಿ

ವೈಜ್ಞಾನಿಕ ಕತೆಯಲ್ಲಿ ಹೊಸ ಗ್ರಹವೊಂದು ಬಂದರೆ, ಅಲ್ಲಿನ ಸೆಕೆಯನ್ನೋ ಚಳಿಯನ್ನೋ ಲೇಖಕರು ಎಲ್ಲಿಂದ ತಂದರು ಎಂದು ಮೊದಲು ನೋಡುತ್ತೇನೆ. ಲೆಕ್ಕವೇನೂ ಕಷ್ಟದ್ದಲ್ಲ. ನಕ್ಷತ್ರ ಎಷ್ಟು ಪ್ರಖರ, ಗ್ರಹ ಎಷ್ಟು ದೂರ, ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಪ್ರತಿಫಲಿಸಿ ಹೋಗುತ್ತದೆ, ಇಷ್ಟು ಗೊತ್ತಿದ್ದರೆ ಆಯಿತು. ಆದರೆ ಇದೇ ಲೆಕ್ಕವನ್ನು ನಮ್ಮ ಭೂಮಿಗೆ ಹಾಕಿದರೆ ಬರುವುದು ಮೈನಸ್ 18 ಡಿಗ್ರಿ ಸೆಲ್ಸಿಯಸ್! ನಿಜವಾದ ಸರಾಸರಿ ಸುಮಾರು 15. ನಡುವಿನ 33 ಡಿಗ್ರಿ ನೀರಾವಿ, ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಹೊದಿಸಿದ ಕಂಬಳಿಯದು. ಶುಕ್ರನಂತೂ ಲೆಕ್ಕದಲ್ಲಿ ಭೂಮಿಗಿಂತ ತಂಪು. ನೆಲದ ಮೇಲೆ 460 ಡಿಗ್ರಿ ದಾಟುತ್ತದೆ. ದೂರವನ್ನು ಅಳೆದು ಗಾಳಿಯನ್ನು ಮರೆತ ಕತೆಗಳು ಎಡವುವುದು ಇಲ್ಲೇ.

ಅಂಕಿ ಸರಿಯಾಗಿ ಸಿಕ್ಕಮೇಲೂ ಅದಿನ್ನೂ ಲೋಕವಲ್ಲ. ಉರ್ಸುಲಾ ಲೆ ಗ್ವಿನ್ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯಲ್ಲಿ ಹಿಮಯುಗದಲ್ಲಿರುವ ಗೆಥೆನ್ ಎಂಬ ಗ್ರಹವನ್ನು ಕಟ್ಟಿದರು. ಭೂಮಿಯಿಂದ ಹೋದ ಗೆನ್ಲಿ ಐ ಮತ್ತು ಅಲ್ಲಿಯವರೇ ಆದ ಎಸ್ಟ್ರಾವೆನ್ ಹಿಮದ ಬಯಲನ್ನು ದಾಟುತ್ತ ಒಂದೇ ಡೇರೆಯಲ್ಲಿ ರಾತ್ರಿ ಕಳೆಯುತ್ತಾರೆ. ಒಲೆಯ ಕಾವು ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ತಡೆಯದು. ಕೊನೆಗೆ ನಡುವಿನದೊಂದು ಮಟ್ಟಕ್ಕೆ ಒಪ್ಪುತ್ತಾರೆ. ಒಬ್ಬರು ನಡುಗುತ್ತಾರೆ, ಒಬ್ಬರು ಬೆವರುತ್ತಾರೆ. ಕಾದಂಬರಿಯಲ್ಲಿ ಹಿಮಪಾತದ ವರ್ಣನೆಗೆ ಕೊರತೆಯಿಲ್ಲ, ಚೆನ್ನಾಗಿಯೂ ಇದೆ. ಆದರೂ ಆ ಗ್ರಹವನ್ನು ನಾನು ನಂಬಿದ್ದು ಈ ಒಲೆಯ ಜಗ್ಗಾಟದಲ್ಲಿ. ಗೆಥೆನ್ ತನ್ನ ಸೂರ್ಯನಿಂದ ಎಷ್ಟು ದೂರ ಎಂಬ ಪ್ರಶ್ನೆ ಆಮೇಲೆ ಏಳಲೇ ಇಲ್ಲ.