ವಿಕಿಯ ವರ್ಗಗಳೂ ಗಡಿನಾಡಿನ ಮಾತುಗಳೂ: ಒಂದು ವಿಮರ್ಶೆ

ಗಡಿನಾಡಿನ ಕನ್ನಡ ಮಾತುಗಳನ್ನು ಕೂಡಿಡುವ ಕೆಲಸವನ್ನು ಈಗ ತರುಣರು ಗಣಕದಲ್ಲಿ, ಹತ್ತು ಮಂದಿ ಸೇರಿ ಬರೆಯುವ ವಿಕಿಯಲ್ಲಿ ನಡೆಸುತ್ತಿದ್ದಾರೆ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಕಡೆಯವರು ಕೂಡಿ ಕಟ್ಟುತ್ತಿರುವ ಅಂಥದೊಂದು ಪದಸಂಗ್ರಹವನ್ನು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಹೆಸರು ಇಲ್ಲಿ ಮುಖ್ಯವಲ್ಲ, ಗುಣದೋಷ ಮುಖ್ಯ. ಮಾತುಗಳ ಸಂಗ್ರಹ ಶ್ರದ್ಧೆಯಿಂದ ಆಗಿದೆ, ಅರ್ಥಗಳೂ ಬಹುಮಟ್ಟಿಗೆ ಸರಿಯಾಗಿವೆ. ನನ್ನ ಆಕ್ಷೇಪವೆಲ್ಲ ಆ ಮಾತುಗಳಿಗೆ ಅಂಟಿಸಿದ ಗುರುತುಚೀಟಿಗಳ ಬಗ್ಗೆ. ಕೂಡಿಟ್ಟದ್ದು ಹುಡುಕಿದವನ ಕೈಗೆ ಸಿಕ್ಕಬೇಕಲ್ಲ! ಸಿಕ್ಕದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

1. ವ್ಯವಸ್ಥೆಯ ಸ್ವರೂಪ

ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಎಂಬ ತಂತ್ರಾಂಶವನ್ನೇ ಇವರೂ ಬಳಸಿದ್ದಾರೆ. ಪುಟದ ಕೊನೆಗೆ ‘ವರ್ಗ’ ಎಂದು ಬರೆದು ಹೆಸರು ಕೊಟ್ಟರೆ, ಆ ಹೆಸರಿನ ಎಲ್ಲ ಪುಟಗಳೂ ಒಂದು ಪಟ್ಟಿಯಲ್ಲಿ ಅಕಾರಾದಿಯಾಗಿ ತಾವಾಗಿಯೇ ನಿಲ್ಲುತ್ತವೆ. ಒಂದು ಪುಟಕ್ಕೆ ಎಷ್ಟು ವರ್ಗ ಬೇಕಾದರೂ ಕೊಡಬಹುದು. ವರ್ಗದೊಳಗೆ ಉಪವರ್ಗ ಮಾಡಬಹುದು. ‘ವರ್ಗ’ ಎಂಬ ಹೆಸರು ಅಮರಕೋಶ ಓದಿದವರಿಗೆ ಹೊಸದಲ್ಲ. ಮೂರು ಕಾಂಡಗಳನ್ನು ವರ್ಗಗಳಾಗಿ ಹಂಚಿ, ಅಕ್ಷರಕ್ರಮ ನೋಡದೆ ವಿಷಯಕ್ರಮದಿಂದ ಶಬ್ದಗಳನ್ನು ಇಟ್ಟವನು ಅಮರಸಿಂಹ. ಆದರೆ ಅಮರನ ವರ್ಗಗಳು ಒಬ್ಬನ ಬುದ್ಧಿಯಿಂದ ಬಂದವು. ವಿಕಿಯ ವರ್ಗ ಯಾರು ಬೇಕಾದರೂ, ಯಾವಾಗ ಬೇಕಾದರೂ ಹುಟ್ಟಿಸಬಹುದಾದದ್ದು. ಒಬ್ಬರು ‘ಕಾಸರಗೋಡು’ ಎಂದು ಬರೆದರು, ಇನ್ನೊಬ್ಬರು ‘ಕಾಸರಗೋಡು ಕನ್ನಡ’ ಎಂದರು, ಮತ್ತೊಬ್ಬರು ‘ಕಾಸರಗೋಡಿನ ಪದಗಳು’ ಎಂದರು. ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಊರು. ಒಂದನ್ನು ತೆರೆದವನಿಗೆ ಉಳಿದೆರಡು ಕಾಣುವುದೇ ಇಲ್ಲ.

ಮೇಲಿನ ವರ್ಗವನ್ನು ತೆರೆದರೆ ಉಪವರ್ಗಗಳ ಹೆಸರು ಕಾಣುತ್ತದೆ, ಅವುಗಳ ಒಳಗಿನ ಪದ ಕಾಣುವುದಿಲ್ಲ. ಒಂದು ಸಲಕ್ಕೆ ಇನ್ನೂರು ಪುಟಗಳ ಹೆಸರು ಮಾತ್ರ ಬರುತ್ತದೆ. ಹವ್ಯಕರ ಮಾತೂ ಆಗಿರಬೇಕು, ಬಂಧುವಾಚಕವೂ ಆಗಿರಬೇಕು ಎಂದು ಎರಡು ಲಕ್ಷಣ ಒಟ್ಟಿಗೆ ಬೇಕಾದರೆ ವರ್ಗದ ಪುಟ ತೋರಿಸದು. ಶೋಧಪೆಟ್ಟಿಗೆಯಲ್ಲಿ ವಿಶೇಷ ಸೂತ್ರ ಬರೆಯಬೇಕು. ನಮ್ಮ ವಯಸ್ಸಿನವರಿಗೆ ಅದು ಎಲ್ಲಿ ಗೊತ್ತಾಗಬೇಕು? ಮುಖಪುಟದಲ್ಲಿ ನಾಲ್ಕು ಸಾಲು ಬರೆದಿದ್ದರೆ ಉಪಕಾರವಾಗುತ್ತಿತ್ತು.

2. ಒಂದು ಶಬ್ದ, ಹಲವು ಮನೆ

‘ಹಟ್ಟಿ’ ಎಂಬ ಮಾತನ್ನು ನೋಡಿ. ನಮ್ಮ ಕುಂಬಳೆ ಸೀಮೆಯಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಕೊಟ್ಟಿಗೆ. ನೀಲಗಿರಿಯ ಬಡಗರಲ್ಲಿ ಹಟ್ಟಿ ಎಂದರೆ ಊರು. ಚಿತ್ರದುರ್ಗದ ಕಡೆ ಗೊಲ್ಲರಹಟ್ಟಿ ಎಂದು ಕೇರಿಗೆ ಹೇಳುತ್ತಾರೆ. ಧಾರವಾಡದ ಕಡೆ ದೀಪಾವಳಿಗೆ ಸಗಣಿಯ ಹಟ್ಟೆವ್ವನನ್ನು ಕೂರಿಸಿ ಹಟ್ಟಿಹಬ್ಬ ಮಾಡುತ್ತಾರೆ. ಈ ಸಂಗ್ರಹದಲ್ಲಿ ಹಟ್ಟಿಗೆ ಇರುವ ವಿಷಯವರ್ಗ ಒಂದೇ: ‘ಪಶುಪಾಲನೆ’. ‘ಊರು–ಕೇರಿ’ ವರ್ಗದಲ್ಲಿ ಹುಡುಕುವ ಬಡಗ ಹುಡುಗನಿಗೆ ತನ್ನ ಊರಿನ ಹೆಸರೇ ಅಲ್ಲಿಲ್ಲ.

ಅಮರನು ಇಂಥಲ್ಲಿ ಏನು ಮಾಡಿದ? ದನದ ಕೊಟ್ಟಿಗೆಯಾದ ‘ಗೋಷ್ಠ’ವನ್ನು ಭೂಮಿವರ್ಗದಲ್ಲಿ ಇಟ್ಟ, ಗೊಲ್ಲರ ನೆಲೆಯಾದ ‘ಘೋಷ’ವನ್ನು ಪುರವರ್ಗದಲ್ಲಿ ಇಟ್ಟ. ‘ವ್ರಜ’ ಶಬ್ದವನ್ನು ಸಮೂಹವೆಂಬ ಅರ್ಥದಲ್ಲಿ ಸಿಂಹಾದಿವರ್ಗದಲ್ಲಿ ಹೇಳಿ, ಕೊಟ್ಟಿಗೆ, ದಾರಿ, ಗುಂಪು ಎಂಬ ಅರ್ಥಗಳನ್ನು ಒಟ್ಟಿಗೆ ಕೊಡಲು ನಾನಾರ್ಥವರ್ಗದಲ್ಲಿ ಮತ್ತೆ ಹೇಳಿದ. ಬಾಯಿಪಾಠಕ್ಕೆಂದು ಒಂದೊಂದು ಅಕ್ಷರ ಎಣಿಸಿ ಶ್ಲೋಕ ಕಟ್ಟಿದವನೇ ಒಂದು ಮಾತಿಗೆ ಎರಡು ಜಾಗ ಕೊಟ್ಟ. ಜಾಗಕ್ಕೆ ಬರವಿಲ್ಲದ ಗಣಕದಲ್ಲಿ ಹಟ್ಟಿಗೆ ಮೂರು ವರ್ಗ ಕೊಡಲು ಏನು ಅಡ್ಡಿ?

‘ಹಗೆ’ಯದೂ ಇದೇ ಕಥೆ. ಸೊಲ್ಲಾಪುರ, ವಿಜಯಪುರದ ಸೀಮೆಯಲ್ಲಿ ಜೋಳ ತುಂಬುವ ನೆಲಗುಂಡಿಗೆ ಹಗೆ, ಹಗೇವು ಎನ್ನುತ್ತಾರೆ. ‘ಹಗೆ’ ಎಂದು ಹುಡುಕಿದರೆ ಇಲ್ಲಿ ಸಿಕ್ಕುವುದು ಶತ್ರು ಒಬ್ಬನೇ. ಧಾನ್ಯದ ಗುಂಡಿ ‘ಹಗೇವು’ ಎಂಬ ಪುಟದಲ್ಲಿ ಅಡಗಿದೆ. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ‘ಬ್ಯಾಸಿಗಿ’ ಎಂದು ಬರೆದವರಿಗೆ ‘ಬೇಸಿಗೆ’ ತೋರಿಸುವ ಮರುನಿರ್ದೇಶನ ಪುಟಗಳೂ ವಿರಳ.

3. ರಾಜ್ಯದ ಚೀಟಿ, ‘ಗ್ರಾಮ್ಯ’ದ ಚೀಟಿ

ಎಲ್ಲಕ್ಕಿಂತ ಹೆಚ್ಚು ಆಕ್ಷೇಪ ಈ ಎರಡು ಚೀಟಿಗಳಿಗೆ. ‘ಕೇರಳ ಕನ್ನಡ’, ‘ಮಹಾರಾಷ್ಟ್ರ ಕನ್ನಡ’, ‘ತಮಿಳುನಾಡು ಕನ್ನಡ’ ಎಂದು ವರ್ಗ ಮಾಡಿದ್ದಾರೆ. 1956ರಲ್ಲಿ ಎಳೆದ ಗೆರೆಯನ್ನು ಮಾತು ಕೇಳಿ ಎಳೆದದ್ದಲ್ಲ. ಕೋಣೆಗೆ ಹೇಳುವ ‘ಖೋಲಿ’ ಅಕ್ಕಲಕೋಟೆಯಲ್ಲೂ ಉಂಟು, ವಿಜಯಪುರದಲ್ಲೂ ಉಂಟು. ಅದನ್ನು ‘ಮಹಾರಾಷ್ಟ್ರ ಕನ್ನಡ’ ಎಂದು ಕಟ್ಟಿಹಾಕಿದರೆ ಅದು ಹೊರಗಿನವರ ಮಾತು ಎಂದು ಓದುಗ ತಿಳಿಯುತ್ತಾನೆ. ತಾಳವಾಡಿಯವರಿಗೂ ಚಾಮರಾಜನಗರದವರಿಗೂ ಮಾತಿನ ನಂಟು ಹೊಸೂರಿಗಿಂತ ಹತ್ತಿರದ್ದು. ‘ತಮಿಳುನಾಡು’ ಎಂಬ ಚೀಟಿ ಆ ನಂಟನ್ನು ಮರೆಸುತ್ತದೆ. ಊರು, ಸೀಮೆ, ಆಡುವ ಜನ, ಇಷ್ಟನ್ನು ಬರೆಯಲಿ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ ಹವ್ಯಕ, ಬಾರ್ಕೂರು, ನಂಜನಗೂಡು, ತಿಪಟೂರು, ಗುಲ್ಬರ್ಗ ಎಂದು ಜನ ಮತ್ತು ಊರುಗಳ ಗುರುತನ್ನೇ ಇಟ್ಟಿದೆ.

ಇನ್ನು ‘ಗ್ರಾಮ್ಯ’. ಅಲಂಕಾರಶಾಸ್ತ್ರದಲ್ಲಿ ಗ್ರಾಮ್ಯತೆ ಒಂದು ಕಾವ್ಯದೋಷ. ಅದು ಕಾವ್ಯಕ್ಕೆ ಹೇಳಿದ್ದು, ಮನೆಯ ಅಂಗಳಕ್ಕಲ್ಲ. ಅಂಗಳಕ್ಕೆ ನಾವು ಹೇಳುವ ‘ಜಾಲು’ವಿಗೆ ‘ಗ್ರಾಮ್ಯ’ವೆಂದೂ ‘ತುಳು ಎರವಲು’ ಎಂದೂ ಎರಡು ಚೀಟಿ ಇದೆ. ‘ಮನೆ’ ಎಂಬ ವರ್ಗ ಇಲ್ಲ! ಹೆಣ್ಣುಮಗುವಿಗೆ ಹವ್ಯಕರು ‘ಕೂಸು’ ಎನ್ನುತ್ತಾರೆ, ‘ಕೂಸು ಬಂತು’ ಎಂದು ನಪುಂಸಕದಲ್ಲಿ ಹೇಳುತ್ತಾರೆ. ಅದಕ್ಕೂ ‘ಅಶುದ್ಧ ಪ್ರಯೋಗ’ವೆಂದು ಬರೆದದ್ದು ಕಂಡೆ. ಅದು ಆ ಮಾತಿನ ವ್ಯಾಕರಣ. ಅದನ್ನು ‘ಲಿಂಗವ್ಯವಸ್ಥೆ’ ಎಂಬ ವರ್ಗಕ್ಕೆ ಸೇರಿಸಿದ್ದರೆ ವಿದ್ಯಾರ್ಥಿಗೆ ಒಂದು ಪ್ರಬಂಧಕ್ಕೆ ಸಾಮಗ್ರಿಯಾಗುತ್ತಿತ್ತು.

ಮಹಾಭಾಷ್ಯದ ಪಸ್ಪಶೆಯಲ್ಲಿ ಕೆಲವು ಶಬ್ದಗಳು ಪ್ರಯೋಗದಲ್ಲೇ ಇಲ್ಲ ಎಂಬ ಪೂರ್ವಪಕ್ಷ ಬರುತ್ತದೆ. ಮೊದಲು ಹುಡುಕಿ ನೋಡಿ, ಶಬ್ದದ ಪ್ರಯೋಗಕ್ಷೇತ್ರ ಬಹಳ ದೊಡ್ಡದು ಎಂಬುದು ಪತಂಜಲಿಯ ಸಮಾಧಾನ. ಅಲ್ಲೇ ಅವನು ಉದಾಹರಣೆ ಕೊಡುತ್ತಾನೆ: ಹೋಗುವುದಕ್ಕೆ ಕಾಂಬೋಜರಲ್ಲಿ ಒಂದು ಧಾತು, ಸುರಾಷ್ಟ್ರದಲ್ಲಿ ಇನ್ನೊಂದು, ಕೊಯ್ಯುವ ಕ್ರಿಯಾಪದ ಮೂಡಣದವರಲ್ಲಿ, ಅದರಿಂದಾದ ಕುಡುಗೋಲಿನ ಹೆಸರು ಬಡಗಣದವರಲ್ಲಿ. ನಾಡಿನ ಗುರುತು, ಅರ್ಥದ ಗುರುತು ಎರಡನ್ನೂ ಕೊಟ್ಟ.

4. ಸೂಚನೆಗಳು

ಮೊದಲನೆಯದಾಗಿ, ವರ್ಗಗಳ ಹೆಸರನ್ನು ಎಲ್ಲರೂ ಕೂತು ಒಮ್ಮೆ ಗೊತ್ತುಮಾಡಲಿ. ಹೊಸ ವರ್ಗ ಬೇಕಾದವರು ಚರ್ಚೆಯ ಪುಟದಲ್ಲಿ ಕೇಳಿ ಮಾಡಲಿ. ಎರಡನೆಯದಾಗಿ, ಪ್ರತಿ ಪುಟಕ್ಕೂ ಸೀಮೆ, ಆಡುವ ಜನ, ವಿಷಯ, ವ್ಯಾಕರಣ ಎಂಬ ನಾಲ್ಕು ಬಗೆಯ ಗುರುತು ಬೇರೆ ಬೇರೆ ಇರಲಿ. ಮೂರನೆಯದಾಗಿ, ಉಚ್ಚಾರಭೇದಗಳಿಗೆಲ್ಲ ಮರುನಿರ್ದೇಶನ ಇರಲಿ. ನಾಲ್ಕನೆಯದಾಗಿ, ‘ಗ್ರಾಮ್ಯ’, ‘ಅಶುದ್ಧ’ ಎಂಬ ವರ್ಗಗಳನ್ನು ತೆಗೆದುಹಾಕಲಿ. ಎರವಲೆಂದು ಬರೆಯುವವರು ಆಧಾರ ಕೊಟ್ಟು ಪುಟದ ಒಳಗೆ ಬರೆಯಲಿ. ವರ್ಗವಿಲ್ಲದ ಪುಟಗಳ ಪಟ್ಟಿಯನ್ನು ತಂತ್ರಾಂಶವೇ ಕೊಡುತ್ತದೆ. ವಾರಕ್ಕೊಮ್ಮೆ ಒಬ್ಬರು ಅದನ್ನು ನೋಡಿದರೂ ಸಾಕು.

ನಮ್ಮ ಮಕ್ಕಳಲ್ಲಿ ಅನೇಕರು ಮಲಯಾಳ, ಮರಾಠಿ, ತಮಿಳು, ತೆಲುಗು ಶಾಲೆಗಳಲ್ಲಿ ಓದುವವರು. ಅಜ್ಜಿ ಆಡಿದ ಮಾತೊಂದನ್ನು ಅವರು ಹುಡುಕಿಕೊಂಡು ಬಂದಾಗ ಅದು ಅರ್ಥಸಹಿತ ಸಿಕ್ಕಬೇಕು. ಅದರ ನೆತ್ತಿಯ ಮೇಲೆ ‘ಅಶುದ್ಧ’ ಎಂದು ಬರೆದಿರಬಾರದು. ತಂಡದ ತರುಣರೂ ಸಭೆಯ ವಿದ್ವಾಂಸರೂ ಇದನ್ನು ಪರಾಮರ್ಶಿಸಬೇಕೆಂದು ವಿನಂತಿ.