ವೀರಗಲ್ಲಿನಲ್ಲಿ ಲಾಭಾಲಾಭ ವಿವೇಚನೆ

ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಕೊಡಿಗೇಹಳ್ಳಿಯ ಹೆಸರನ್ನು ಕೇಳಿದೊಡನೆ, ಶಾಸನಗಳ ಪರಿಚಯವುಳ್ಳವರಿಗೆ ‘ಕೊಡಗಿ’ ಎಂಬ ಮಾತು ನೆನಪಿಗೆ ಬರುವುದು ಸಹಜವಾಗಿದೆ. ಕೆರೆಯನ್ನು ಕಟ್ಟಿಸಿದವನಿಗೋ, ಕಾಳಗದಲ್ಲಿ ಮಡಿದವನ ಮನೆಯವರಿಗೋ ಬಿಟ್ಟುಕೊಟ್ಟ ಭೂಮಿ ಅದು. ಮಡಿದವನ ಪರವಾಗಿ ಕೊಟ್ಟುದಾದರೆ ನೆತ್ತರುಗೊಡಗೆ. ಈ ಹೆಸರಿನ ಊರುಗಳು ನಮ್ಮಲ್ಲಿ ಹಲವುಂಟು. ಅವುಗಳ ಸ್ಥಳಪುರಾಣಕ್ಕೆ ನಾನು ಹೊರಟಿಲ್ಲ. ಆ ಮಾತಿನ ಹಿಂದಿರುವ ವ್ಯವಹಾರವೆಂಥದು, ಅದನ್ನು ಬರೆದಿಟ್ಟ ವೀರಗಲ್ಲುಗಳನ್ನು ಹೇಗೆ ಓದತಕ್ಕದ್ದು ಎಂಬುದಷ್ಟೇ ಪ್ರಕೃತ ವಿಷಯ.

1944ರಲ್ಲಿ ವಾನ್ ನಾಯ್ಮನ್, ಮೊರ್ಗೆನ್‌ಸ್ಟರ್ನ್ ಎಂಬ ವಿದ್ವಾಂಸರಿಬ್ಬರು ಒಂದು ಮಹಾಗ್ರಂಥವನ್ನು ಪ್ರಕಟಿಸಿ, ಆಟದ ಶಾಸ್ತ್ರವೆಂದು ಹೇಳಬಹುದಾದ ಒಂದು ಗಣಿತಕ್ಕೆ ತಳಹದಿ ಹಾಕಿದರು. ಇದಿರಾಳು ಏನು ಮಾಡಿಯಾನು ಎಂಬುದನ್ನು ಎಣಿಸಿ ತನ್ನ ನಡೆಯನ್ನು ಆರಿಸಿಕೊಳ್ಳುವುದೇ ಅದರ ಜೀವಾಳ. ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುತ್ತಿರುವಾಗ ಊರಿನ ಒಬ್ಬೊಬ್ಬನ ಮನಸ್ಸಿನಲ್ಲಿಯೂ ಈ ಎಣಿಕೆ ನಡೆಯದಿರದು: ಉಳಿದವರು ಕಾದಿದರೆ ತಾನು ಮನೆಯಲ್ಲಿದ್ದರೂ ದನ ಹಿಂದಿರುಗುತ್ತದೆ, ಎಲ್ಲರೂ ಹೀಗೆಯೇ ಎಣಿಸಿದರೆ ದನವೂ ಇಲ್ಲ, ಊರೂ ಇಲ್ಲ. ಆದ್ದರಿಂದ ಕಾದುವವನಿಗೆ ಫಲವನ್ನು ಮಾತುಕೊಡಬೇಕು. ಆದರೆ ಸತ್ತವನು ಬಂದು ಕೇಳುವುದುಂಟೆ? ಕೊಡುವವನು ಮಾತಿಗೆ ತಪ್ಪಿದರೆ ಗತಿಯೇನು? ಕೊಟ್ಟ ಮಾತಿನಿಂದ ಹಿಂದೆಗೆಯಲಾಗದಂತೆ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವುದು ಬಲಹೀನತೆಯಲ್ಲ, ಬಲವೇ ಎಂದು ಷೆಲಿಂಗ್ ಎಂಬಾತನು 1960ರಲ್ಲಿ ವಾದಿಸಿದನು. ಕಲ್ಲಿನಲ್ಲಿ ಕೆತ್ತಿಸಿ ಊರಮುಂದೆ ನಿಲ್ಲಿಸುವುದು ಅಂಥ ಕಟ್ಟೇ ಸರಿ.

ಬೇಗೂರಿನ ವೀರಗಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದನು. ಎರೆಯಪ್ಪನು ಅದನ್ನು ಕೇಳಿ, ನಾಗತ್ತರ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಈ ಶಾಸನ ಮಾತಾಡುವುದು ಸತ್ತವನೊಡನೆ ಅಲ್ಲ, ಮುಂದೆ ಕಾದಬೇಕಾದವರೊಡನೆ. ಇಷ್ಟರಮಟ್ಟಿಗೆ ಹೊಸ ಶಾಸ್ತ್ರದ ಓದು ನಮಗೆ ಉಪಕಾರಿಯೇ. ದತ್ತಿಯ ಭಾಗವನ್ನು ನೀರಸವೆಂದು ಬಿಟ್ಟುಬಿಡುವ ನಮ್ಮ ಚಾಳಿಯನ್ನು ಅದು ತಿದ್ದುತ್ತದೆ.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿಯೇ ಇರುವ ಆತಕೂರಿನ ಕಲ್ಲಿನ ಬಳಿಗೆ ಬಂದರೆ ಮಾತು ಬೇರೆಯಾಗುತ್ತದೆ. ಚೋಳ ರಾಜಾದಿತ್ಯನು ತಕ್ಕೋಲದಲ್ಲಿ ಮಡಿದ 949ರ ಯುದ್ಧ ಅದರಲ್ಲಿ ಉಕ್ತವಾಗಿದೆ. ಮಣಲೇರನ ಶೌರ್ಯಕ್ಕೆ ಮೆಚ್ಚಿದ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿಯನ್ನು ಹಂದಿಯ ಮೇಲೆ ಬಿಡಲಾಗಿ ಎರಡೂ ಸತ್ತವು. ನಾಯಿಗಾಗಿ ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯೂ ದೊರೆಯಿತು. ಪೂಜಿಸದೆ ಉಂಡ ಗೊರವನಿಗೆ ಆ ನಾಯಿ ಮಾಡಿದ ಪಾಪ ತಗಲುವುದಂತೆ. ಗೊರವನು ತಪ್ಪದಿರಲೆಂದು ಹಾಕಿದ ಈ ಕಟ್ಟನ್ನು ಷೆಲಿಂಗನು ಮೆಚ್ಚುತ್ತಿದ್ದನೇನೋ. ಆದರೆ ಯಾರನ್ನು ಹುರಿದುಂಬಿಸಲು ಈ ಕಲ್ಲು? ನಾಯಿಗಳು ಶಾಸನವನ್ನು ಓದುವುದಿಲ್ಲ.

ಮಣಲೇರನಿಗೆ ನಾಯಿಯೇ ಹೆಚ್ಚು ಪ್ರಿಯವಾಗಿತ್ತು, ಆದ್ದರಿಂದ ಅವನ ಆಯ್ಕೆ ವಿವೇಕದ್ದೇ ಎಂದು ಶಾಸ್ತ್ರಜ್ಞರು ಉತ್ತರಿಸಬಹುದು. ಅದನ್ನು ಅಲ್ಲಗಳೆಯಲಾಗದು; ಅದರಿಂದ ಹೊಸದಾಗಿ ತಿಳಿದದ್ದೂ ಇಲ್ಲ. ಅಲ್ಪವನ್ನು ಬೇಡಿ ಒಡೆಯನ ವಿಶ್ವಾಸವನ್ನು ಗಳಿಸಿದನು, ಅದೇ ಕಲ್ಲಿನಲ್ಲಿ ಹೇಳಿರುವ ಆತಕೂರು ಹನ್ನೆರಡರ ಬಾಳ್ಗಚ್ಚು ಆ ಜಾಣತನದ ಫಲ ಎಂದು ಇನ್ನೊಬ್ಬರು ಹೇಳಬಹುದು. ಶಾಸನದಲ್ಲಿ ಇದಕ್ಕೆ ಆಧಾರವಿಲ್ಲ. ಅದು ನಮ್ಮ ಕಾಲದ ಜಾಣತನವನ್ನು ಅವನ ತಲೆಗೆ ಕಟ್ಟುವುದಾಗುತ್ತದೆ. ಯಾವನು ಏನನ್ನು ಬಯಸಿದನೆಂಬುದನ್ನು ಆ ಗಣಿತ ಮೊದಲೇ ಗೊತ್ತಿದೆಯೆಂದು ಇಟ್ಟುಕೊಂಡು ಹೊರಡುತ್ತದೆ. ಕಾವ್ಯವಿಮರ್ಶೆಯ ಕೆಲಸ ಮೊದಲಾಗುವುದೇ ಅಲ್ಲಿ. ಆತಕೂರಿನ ಕಲ್ಲಿನ ಮೇಲೆ ಶಿಲ್ಪಿಯು ಕಡೆದಿರುವುದು ತಕ್ಕೋಲದ ರಣವನ್ನಲ್ಲ, ಹಂದಿಯೊಡನೆ ಹೋರಾಡುತ್ತಿರುವ ಕಾಳಿಯನ್ನು. ಈ ಶಾಸನವನ್ನು ಪಾಠಹೇಳುವಾಗ ರಾಜಾದಿತ್ಯನ ವಧೆಗೆ ಒಂದು ಗಂಟೆಯನ್ನೂ ನಾಯಿಗೆ ಒಂದು ವಾಕ್ಯವನ್ನೂ ಕೊಡುವುದು ಯುಕ್ತವೆಂದು ನನಗೆ ತೋರುವುದಿಲ್ಲ.