ಪ್ರೇಮಿಗಳಿಗೆ ಬಾಡಿಗೆ ಮನೆ ಕೊಡೋರು ಯಾರು?

ಜಾತಿ, ಧರ್ಮ, ಬಣ್ಣ ಮೀರಿದ ಪ್ರೇಮದ ಸಿನಿಮಾ ನೋಡುವಾಗ ನಾವೆಲ್ಲ ಹುಡುಗ ಹುಡುಗಿಯನ್ನೇ ನೋಡ್ತೇವೆ. ಅವರು ಒಂದಾಗ್ತಾರೋ, ಓಡಿಹೋಗ್ತಾರೋ, ಸಾಯ್ತಾರೋ ಅನ್ನೋದರಲ್ಲೇ ಎರಡೂವರೆ ಗಂಟೆ ಕಳೆದುಹೋಗುತ್ತೆ. ನನಗೆ ಈಚೆಗೆ ಬೇರೆಯೇ ಒಂದು ಚಟ ಹತ್ತಿದೆ. ಇಂಥ ಸಿನಿಮಾಗಳಲ್ಲಿ ಮೂರನೆಯವರು ಏನು ಮಾಡ್ತಾರೆ ಅಂತ ಗಮನಿಸೋದು. ಅಪ್ಪ ಅಮ್ಮ ಅಲ್ಲ. ಅವರು ವಿರೋಧ ಮಾಡಲೇಬೇಕು, ಇಲ್ಲದಿದ್ದರೆ ಕತೆಯೇ ಮುಂದೆ ಹೋಗಲ್ಲ. ನಾನು ಹೇಳ್ತಿರೋದು ಮೇಷ್ಟ್ರು, ಮನೆ ಮಾಲೀಕ, ಪಕ್ಕದ ಮನೆಯಾಕೆ, ಕೆಲಸ ಕೊಡೋನು, ಇಂಥವರ ಬಗ್ಗೆ. ಸಿನಿಮಾ ನಿಜವಾಗಿ ಎಷ್ಟು ಧೈರ್ಯ ಮಾಡಿದೆ ಅನ್ನೋದು ಇವರನ್ನು ನೋಡಿದರೆ ಗೊತ್ತಾಗುತ್ತೆ.

ಮೇಷ್ಟ್ರು ಅಂದಮೇಲೆ ಚಾಮಯ್ಯ ಮೇಷ್ಟ್ರನ್ನು ಬಿಟ್ಟು ಮಾತಾಡೋಕೆ ಆಗೋದಿಲ್ಲ. ತ.ರಾ.ಸು. ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ 'ನಾಗರಹಾವು' ನಮ್ಮ ಮನೆಯಲ್ಲೂ ಎಷ್ಟು ಸಲ ನೋಡಿದ್ದೋ ಲೆಕ್ಕವಿಲ್ಲ. ಉರ್ದು ಮಾತಾಡೋ ನಮ್ಮ ಅಮ್ಮೀಗೂ ಅಶ್ವಥ್ ಅಂದರೆ ಚಾಮಯ್ಯ ಮೇಷ್ಟ್ರೇ. ಬಿ.ಎಡ್. ಓದುವಾಗ ಆದರ್ಶ ಶಿಕ್ಷಕ ಅಂತ ಪಾಠ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರ್ತಿದ್ದದ್ದು ಅದೇ ಮುಖ. ಊರೆಲ್ಲ ಪೋಕರಿ ಅಂತ ಬಯ್ಯುವ ಹುಡುಗನಲ್ಲಿ ಒಳ್ಳೆಯದನ್ನು ಕಂಡವರು ಅವರೊಬ್ಬರೇ. ಆದರೆ ಅವರು ಮಾಡಿದ ಕೆಲಸ ಏನು ಅಂತ ಸ್ವಲ್ಪ ನಿಂತು ನೋಡಿ. ರಾಮಾಚಾರಿ, ಅಲಮೇಲು ಒಬ್ಬರನ್ನೊಬ್ಬರು ಇಷ್ಟಪಡ್ತಾರೆ. ಜಾತಿ ಬೇರೆ ಅಂತ ಮನೆಯವರು ಮೇಷ್ಟ್ರನ್ನು ಕರೆಸ್ತಾರೆ. ಮೇಷ್ಟ್ರು ಬೈಯಲ್ಲ, ಹೊಡೆಯಲ್ಲ. ತ್ಯಾಗ ಪ್ರೀತಿಗಿಂತ ದೊಡ್ಡದು ಅಂತ ಹೇಳ್ತಾರೆ. ಹುಡುಗ ಬಿಟ್ಟುಕೊಡ್ತಾನೆ, ಯಾಕಂದರೆ ಈ ಲೋಕದಲ್ಲಿ ಅವನು ನಂಬಿರೋದು ಇವರೊಬ್ಬರನ್ನೇ. ಆ ನಂಬಿಕೆಯನ್ನೇ ಮೇಷ್ಟ್ರು ಜಾತಿಯ ಕೆಲಸಕ್ಕೆ ಹಚ್ಚಿದರು.

ಮುಂದೆ ಅದೇ ಅಲಮೇಲು ವೇಶ್ಯಾವೃತ್ತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬೀಳ್ತಾಳೆ. ಆಮೇಲೆ ಕ್ರಿಶ್ಚಿಯನ್ ಹುಡುಗಿ ಮಾರ್ಗರೆಟ್ ಬರ್ತಾಳೆ. ಮೇಷ್ಟ್ರು ಇಲ್ಲೂ ಬೇಡ ಅಂತಾರೆ. ಈ ಸಲ ಹುಡುಗ ಕೇಳಲ್ಲ. ಚಿತ್ರದುರ್ಗದ ಬೆಟ್ಟದ ಮೇಲೆ ಮೇಷ್ಟ್ರು ಬಿದ್ದು ಸಾಯ್ತಾರೆ, ರಾಮಾಚಾರಿ ಮಾರ್ಗರೆಟ್ ಇಬ್ಬರೂ ಜೀವ ಬಿಡ್ತಾರೆ. ಪುಟ್ಟಣ್ಣ ಇಲ್ಲಿ ಮೇಷ್ಟ್ರ ಪರ ನಿಂತಿದ್ದಾರೆ ಅಂತ ನನಗನ್ನಿಸೋದಿಲ್ಲ. ಅಲಮೇಲುವಿಗೆ ಏನಾಯ್ತು ಅಂತ ತೋರಿಸಿದ ಮೇಲೆ ಆ ತ್ಯಾಗದ ಮಾತಿಗೆ ಏನು ಬೆಲೆ ಉಳೀತು? ನಿರ್ದೇಶಕರು ಲೆಕ್ಕ ಒಪ್ಪಿಸಿಯೇ ಹೋಗಿದ್ದಾರೆ. ನೋಡಿದ ನಾವು ಮಾತ್ರ ಐವತ್ತು ವರ್ಷದಿಂದ ಮೇಷ್ಟ್ರ ಪ್ರೀತಿಯನ್ನು ನೆನಪಿಟ್ಟುಕೊಂಡು, ಅವರ ಮಾತಿನಿಂದ ಹಾಳಾದ ಹುಡುಗಿಯನ್ನು ಮರೆತಿದ್ದೇವೆ. ಮಾರ್ಗರೆಟ್ ಪಾಡಂತೂ ಕೇಳೋದೇ ಬೇಡ. ಅವಳಿಗೆ ಆ ಊರಲ್ಲಿ ಉಳಿದದ್ದು ಒಂದು ಬಂಡೆ ಮಾತ್ರ.

ಮಣಿರತ್ನಂ ತಮ್ಮ 'ಬಾಂಬೆ'ಯಲ್ಲಿ (1995) ಪ್ರೇಮಿಗಳಿಗೆ ಬಂಡೆ ಬದಲು ಒಂದು ಊರನ್ನೇ ಕೊಟ್ಟರು. ಶೇಖರ್, ಶೈಲಾ ಬಾನು ಹಾಡಿನಲ್ಲಿ ಸೇರೋದು ನಮ್ಮ ಕಾಸರಗೋಡಿನ ಬೇಕಲ ಕೋಟೆಯಲ್ಲಿ, ಸಂಸಾರ ಹೂಡೋದು ಈ ಬಾಂಬೆಯಲ್ಲಿ. ರಿಜಿಸ್ಟರ್ ಮದುವೆ, ಬಾಡಿಗೆ ಮನೆ, ಮನೆ ತುಂಬ ಮಕ್ಕಳಿದ್ದು ಹೊಸ ದಂಪತಿಗೆ ಏಕಾಂತವೇ ಸಿಗೋದಿಲ್ಲ ಅನ್ನೋ ತಮಾಷೆ. ಸಿನಿಮಾದಲ್ಲಿ ನನಗೆ ತುಂಬಾ ಇಷ್ಟದ ಭಾಗ ಅದೇ. ಅವಳಿ ಮಕ್ಕಳು ಕಬೀರ್ ನಾರಾಯಣ್, ಕಮಲ್ ಬಶೀರ್. ಒಬ್ಬನಿಗೆ ಆ ಕಡೆ ಅಜ್ಜನ ಹೆಸರು, ಇನ್ನೊಬ್ಬನಿಗೆ ಈ ಕಡೆ ಅಜ್ಜನದು. ಹಿಂದೂ ಅಜ್ಜನಾಗಿ ನಟಿಸಿದವರು ನಾಸರ್, ಮುಸ್ಲಿಂ ಅಜ್ಜನಾಗಿ ಕಿಟ್ಟಿ. ಈ ಅದಲುಬದಲು ಬೇಕಂತಲೇ ಮಾಡಿದ್ದು ಅಂತ ನಾನಂತೂ ನಂಬಿದ್ದೇನೆ. ಸಿನಿಮಾದ ಎಲ್ಲ ಭಾಷಣಗಳಿಗಿಂತ ಅದು ಹೆಚ್ಚು ಮಾತಾಡುತ್ತೆ.

ಆದರೂ ನನ್ನ ತಕರಾರಿದೆ. ನಮ್ಮ ಸಿನಿಮಾದ ಧರ್ಮಾತೀತ ಪ್ರೇಮದಲ್ಲಿ ಹುಡುಗ ಬಹುಸಂಖ್ಯಾತರವನು, ಹುಡುಗಿ ಅಲ್ಪಸಂಖ್ಯಾತರವಳು ಅನ್ನೋದು ಹೆಚ್ಚುಕಮ್ಮಿ ಕಾಯಂ. ರಾಮಾಚಾರಿಗೆ ಮಾರ್ಗರೆಟ್, ಶೇಖರನಿಗೆ ಶೈಲಾ. 'ಗದರ್' (2001), 'ವೀರ್-ಝಾರಾ' (2004) ಎರಡರಲ್ಲೂ ಗಡಿಯಾಚೆಯ ಮುಸ್ಲಿಂ ಹುಡುಗಿಯೇ. ಗಾಳಿಗೆ ಬುರ್ಖಾ ಹಾರಿದಾಗ ಮುಖ ಕಾಣುತ್ತೆ, ನಾಯಕ ಮರುಳಾಗ್ತಾನೆ. ಇದು ತಿರುಗುಮುರುಗಾದರೆ ಏನಾಗುತ್ತೆ ಅಂತ 'ಕೇದಾರನಾಥ್' (2018) ತೋರಿಸಿತು. ಮುಸ್ಲಿಂ ಹುಡುಗ ಮನ್ಸೂರ್, ಯಾತ್ರಿಕರನ್ನು ಹೊತ್ತು ಬೆಟ್ಟ ಹತ್ತಿಸೋನು. ಪ್ರೀತಿಸಿದ್ದು ಪಂಡಿತರ ಮಗಳನ್ನು. ಕೊನೆಗೆ ಪ್ರವಾಹದಲ್ಲಿ ಅವನನ್ನು ಮುಳುಗಿಸಿ ಕತೆ ಮುಗಿಸಿದರು. ಅಷ್ಟಾದರೂ ಉತ್ತರಾಖಂಡದ ಹಲವು ಜಿಲ್ಲೆಗಳಲ್ಲಿ ಅದನ್ನು ತೋರಿಸೋಕೆ ಬಿಡಲಿಲ್ಲ.

'ಬಾಂಬೆ' ಕೊನೆಗೆ ಜನ ಕೈ ಕೈ ಹಿಡಿದು ಸಾಲಾಗಿ ನಿಲ್ತಾರೆ. ನಿಜವಾದ ಬಾಂಬೆಯಲ್ಲಿ ಆದದ್ದೇನು? 1992ರ ಡಿಸೆಂಬರ್, 1993ರ ಜನವರಿಯ ಗಲಭೆಗಳಲ್ಲಿ 900 ಜನ ಸತ್ತರು ಅಂತ ಶ್ರೀಕೃಷ್ಣ ಆಯೋಗ ಬರೆಯಿತು. 575 ಮುಸ್ಲಿಮರು, 275 ಹಿಂದೂಗಳು, ಉಳಿದವರು ಇತರರು. ಉಳಿದುಕೊಂಡವರಲ್ಲಿ ಎಷ್ಟೋ ಮುಸ್ಲಿಂ ಕುಟುಂಬಗಳು ಹಳೇ ಮೊಹಲ್ಲಾ ಬಿಟ್ಟು ಮುಂಬ್ರಾ, ಮೀರಾ ರೋಡ್ ಕಡೆ ಹೊರಟವು. ನಾನಿರೋ ಘಣಸೋಲಿಯಿಂದ ನೋಡಿದರೆ ಮುಂಬ್ರಾ ದೂರವೇನಲ್ಲ, ನಡುವೆ ಪಾರ್ಸಿಕ್ ಗುಡ್ಡ ಇದೆ ಅಷ್ಟೆ. ಆಗರಿ, ಕೋಳಿ ಜನರ ಹಳೇ ಗಾಂವ್‌ಠಾಣ್, ಅದರ ಸುತ್ತ ಸಿಡ್ಕೋ ಸೆಕ್ಟರುಗಳು, ಉಡುಪಿ ಹೋಟೆಲು, ವಿಜಯಪುರ ಕಲಬುರಗಿ ಕಡೆಯಿಂದ ಕೂಲಿಗೆ ಬಂದವರು, ಕಂಪನಿ ಹುಡುಗರು, ಎಲ್ಲರೂ ಇರೋ ಊರು ನಮ್ಮದು. ಆದರೂ ಮನೆ ಹುಡುಕ್ತಾ ಹೋದರೆ ಬ್ರೋಕರು ಮೊದಲು ಕೇಳೋದು ಬಜೆಟ್ ಅಲ್ಲ, ಹೆಸರು. ಹೆಸರು ಹೇಳಿದ ಮೇಲೆ ಬರೋ ಆ ಎರಡು ಸೆಕೆಂಡಿನ ಮೌನ ನಮ್ಮವರಿಗೆಲ್ಲ ಗೊತ್ತಿರೋದೇ. "ಮೇಡಂ, ಮಾಲೀಕರಿಗೆ ಫೋನ್ ಮಾಡಿ ಹೇಳ್ತೀನಿ." ಶೇಖರ್ ಶೈಲಾ ಈಗ ಬಂದಿದ್ದರೆ ಯಾವ ಸೆಕ್ಟರಿನಲ್ಲಿ ಮನೆ ಸಿಗ್ತಿತ್ತು? ಗಂಡನ ಹೆಸರು ಕೇಳಿ ಈ ಕಡೆಯವರು ಕೊಡಬಹುದು, ಹೆಂಡತಿಯ ಆಧಾರ್ ಕಾರ್ಡ್ ನೋಡಿ ವಾಪಸ್ ತಗೋಬಹುದು. ಸಿನಿಮಾದ ಪ್ರೇಮಿಗಳಿಗೆ ಆಧಾರ್ ಕಾರ್ಡ್ ಇರಲಿಲ್ಲ, ಪುಣ್ಯ.

ಈ ಲೆಕ್ಕದಲ್ಲಿ ನಾನು ನಾಗರಾಜ್ ಮಂಜುಳೆಯವರ 'ಸೈರಾಟ್'ಗೆ (2016) ಹೆಚ್ಚು ಮಾರ್ಕ್ಸ್ ಕೊಡ್ತೇನೆ. ಸೊಲ್ಲಾಪುರ ಜಿಲ್ಲೆಯ ಕರಮಾಳೆಯ ಸೀಮೆ, ಅಂದರೆ ನಮ್ಮ ಗಡಿಯ ಆಚೆ ಮಗ್ಗುಲು. ಆರ್ಚಿ ಪರ್ಶ್ಯಾ ಓಡಿ ಹೈದರಾಬಾದಿಗೆ ಹೋಗ್ತಾರೆ. ಅಲ್ಲಿಂದ ಸಿನಿಮಾ ಹಾಡು ಬಿಟ್ಟು ಕಸ, ಕೊಳಚೆ, ಹಸಿವು, ಜಗಳ ತೋರಿಸುತ್ತೆ. ಅವರನ್ನು ಉಳಿಸೋದು ಕೊಳಗೇರಿಯಲ್ಲಿ ದೋಸೆ ಹಾಕೋ ಸುಮನ್ ಅಕ್ಕ (ಛಾಯಾ ಕದಂ). ಒಂದು ಜೋಪಡಿ ಕೊಡ್ತಾಳೆ, ಆರ್ಚಿಗೆ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸ್ತಾಳೆ. ಒಂದೂ ಉಪದೇಶ ಮಾಡಲ್ಲ. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳ ಹತ್ತಿರ ಈ ಸಿನಿಮಾ ಮಾತು ಬಂದಾಗ ಒಬ್ಬಳು ಹೇಳಿದ್ದು: "ಟೀಚರ್, ಆ ಅಕ್ಕ ಜಾತೀನೂ ಕೇಳಲಿಲ್ಲ, ಡಿಪಾಜಿಟ್ಟೂ ಕೇಳಲಿಲ್ಲ." ಚಾಮಯ್ಯ ಮೇಷ್ಟ್ರು ಮಾಡಬಹುದಾಗಿದ್ದನ್ನು ಈ ಓದುಬರಹ ಅಷ್ಟಾಗಿ ಇಲ್ಲದ ಹೆಂಗಸು ಮಾಡ್ತಾಳೆ. ಸಿನಿಮಾ ಕೊನೆಯಲ್ಲಿ ಮಗುವಿನ ಹೆಜ್ಜೆ ನೋಡಿ ಥಿಯೇಟರಿನಲ್ಲಿ ಯಾರೂ ಮಾತಾಡ್ತಿರಲಿಲ್ಲ. ಕನ್ನಡದಲ್ಲಿ ಅದು 'ಮನಸು ಮಲ್ಲಿಗೆ' (2017) ಆಗಿ ಬಂತು, ಆ ಮಣ್ಣಿನ ವಾಸನೆ ಮಾತ್ರ ಜೊತೆಗೆ ಬರಲಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಎಲ್ಲರೂ ಹೇಳೋ ಹೆಸರು ಹಾಲಿವುಡ್ಡಿನ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್'. 1967ರ ಸಿನಿಮಾ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕರಿಯರು ಬಿಳಿಯರು ಮದುವೆಯಾಗಬಾರದೆಂಬ ಕಾನೂನುಗಳನ್ನು ಹೊಡೆದುಹಾಕಿತು. ಅಲ್ಲಿವರೆಗೆ 16 ರಾಜ್ಯಗಳಲ್ಲಿ ಅವು ಇದ್ದವು. ಒಳ್ಳೇ ಸಿನಿಮಾನೇ. ಆದರೆ ಸಿಡ್ನಿ ಪಾಟಿಯೇಯ ಪಾತ್ರ ದೊಡ್ಡ ಡಾಕ್ಟರು, ಮಹಾ ಸಭ್ಯ, ನೀವು ಒಪ್ಪದಿದ್ದರೆ ಮದುವೆ ಬೇಡ ಅಂತ ಹುಡುಗಿಯ ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡೋನು. ಇಷ್ಟು ಒಳ್ಳೆಯವನನ್ನು ಒಪ್ಪೋಕೂ ಅವರಿಗೆ ಇಡೀ ಸಿನಿಮಾ ಬೇಕಾಯ್ತು. ಸಾಧಾರಣ ಹುಡುಗ, ಅಂಚೆಯವನಾಗಿದ್ದ ತನ್ನ ಅಪ್ಪನ ಹಾಗೇ ಟಪಾಲು ಹಂಚೋನಾಗಿದ್ದರೆ ಊಟಕ್ಕೆ ಕರೀತಿದ್ದರಾ?

ನನಗೆ ಮೀರಾ ನಾಯರ್ ಅವರ 'ಮಿಸಿಸಿಪಿ ಮಸಾಲಾ' (1991) ಹೆಚ್ಚು ಹತ್ತಿರ. 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಉಗಾಂಡಾದ ಏಷ್ಯನ್ನರನ್ನು ಹೊರಗೆ ಹಾಕಿದ. ಹಾಗೆ ಹೊರಬಿದ್ದ ವಕೀಲ ಜಯ್ (ರೋಷನ್ ಸೇಠ್) ಕೊನೆಗೆ ಮಿಸಿಸಿಪಿಯಲ್ಲಿ ನೆಂಟರ ಮೋಟೆಲಿನಲ್ಲಿ ಇರ್ತಾನೆ. ಮಗಳು ಮೀನಾ ಕಾರ್ಪೆಟ್ ತೊಳೆಯೋ ಕೆಲಸದ ಕರಿಯ ಹುಡುಗ ಡಿಮಿಟ್ರಿಯಸ್‌ನನ್ನು (ಡೆನ್ಜೆಲ್ ವಾಷಿಂಗ್ಟನ್) ಪ್ರೀತಿಸ್ತಾಳೆ. ಸುದ್ದಿ ಹರಡಿದ್ದೇ ತಡ, ಇಂಡಿಯನ್ ಮೋಟೆಲ್ ಮಾಲೀಕರು ಅವನಿಗೆ ಕೆಲಸ ಕೊಡೋದನ್ನು ನಿಲ್ಲಿಸ್ತಾರೆ. ಇವರ ಧಂಧೆಯೇ ದಾರಿಹೋಕರಿಗೆ ರೂಮು ಬಾಡಿಗೆ ಕೊಡೋದು, ಗಮನಿಸಿ. ಬಣ್ಣದ ಕಾರಣಕ್ಕೆ ಮನೆ ಕಳಕೊಂಡ ಅಪ್ಪ ಬಣ್ಣದ ಕಾರಣಕ್ಕೇ ಮಗಳನ್ನು ತಡೀತಾನೆ. ಅವನನ್ನು ಮೀರಾ ನಾಯರ್ ಖಳನಾಯಕ ಮಾಡೋದಿಲ್ಲ. ಕಂಪಾಲಾದಿಂದ ಹೊರಡುವಾಗ, ಜೀವದ ಗೆಳೆಯ ಒಕೆಲೋಗೆ ವಿದಾಯ ಕೂಡ ಹೇಳದೆ ಬಂದ ಗಾಯ ಅವನದು. ಗಾಯ ಇದ್ದವನಿಗೆ ಇನ್ನೊಬ್ಬನ ನೋವು ತಾನಾಗಿ ಅರ್ಥವಾಗುತ್ತೆ ಅನ್ನೋ ನಮ್ಮ ನಂಬಿಕೆಯನ್ನು ಈ ಸಿನಿಮಾ ಮುರಿಯುತ್ತೆ.

ಇದನ್ನು ನಮ್ಮವರ ಮುಂದೆ ಹೇಳಲೇಬೇಕು. ಪರಿಚಯದ ಒಬ್ಬರ ಫ್ಲ್ಯಾಟ್ ನೋಡೋಕೆ ಒಬ್ಬ ನೈಜೀರಿಯನ್ ಬಂದಿದ್ದ. ಮುಸಲ್ಮಾನನೇ, ಸಲಾಂ ಹೇಳಿಯೇ ಒಳಗೆ ಬಂದ. ವಿದೇಶಿಯರಿಗೆ ಮನೆ ಕೊಟ್ಟರೆ ಆಗ ತುಂಬಬೇಕಿದ್ದ ಸಿ ಫಾರ್ಮ್ ಬಗ್ಗೆ ಕೂಡ ಅವನಿಗೇ ಗೊತ್ತಿತ್ತು. ಖಾಲಾ ಒಬ್ಬರು ಒಳಗಿನಿಂದ, "ನಕ್ಕೋ ಬಾಬಾ, ಬಿಲ್ಡಿಂಗ್‌ನಲ್ಲಿ ಹೆಣ್ಣುಮಕ್ಕಳಿದ್ದಾರೆ" ಅಂದರು. ಇದೇ ಖಾಲಾ ಮಗನಿಗೆ ಮನೆ ಸಿಗದೆ ಮೂರು ತಿಂಗಳು ಅಲೆದದ್ದನ್ನು ಅತ್ತುಕೊಂಡು ಹೇಳಿದವರು. ಅರಬನಿಗೆ ಅರಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಯಾವ ಹೆಚ್ಚುಗಾರಿಕೆಯೂ ಇಲ್ಲ ಅನ್ನೋ ಕೊನೆಯ ಹಜ್ಜಿನ ಉಪದೇಶ ನಮ್ಮ ಮಕ್ಕಳಿಗೆ ಬಾಯಿಪಾಠ. ರಿಶ್ತಾ ನೋಡುವಾಗ ಮಾತ್ರ ಬಿರಾದರಿ ಯಾವುದು, ಹುಡುಗಿ ಬಣ್ಣ ಹೇಗೆ ಅನ್ನೋದೇ ಮೊದಲ ಪ್ರಶ್ನೆ. ನಮ್ಮ ಕರ್ನಾಟಕದಲ್ಲೇ ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆ. ಆ ಕಡೆಯಿಂದ ಸೊಸೆ ತರ್ತೀನಿ ಅಂದ ಅಮ್ಮನನ್ನು ನಾನು ಇನ್ನೂ ನೋಡಿಲ್ಲ.

ಕನ್ನಡದಲ್ಲಿ ನಮ್ಮ ಬದುಕಿನ ಸಿನಿಮಾಗಳು ಬಂದಿವೆ. ಬೋಳುವಾರು ಕತೆಯ 'ಮುನ್ನುಡಿ' (2000), ಬಾನು ಮುಷ್ತಾಕ್ ಕತೆಯ 'ಹಸೀನಾ' (2004). ಎರಡೂ ಬೇಕಾಗಿದ್ದವು, ಎರಡರಲ್ಲೂ ತಾರಾ ಅಭಿನಯ ಮರೆಯೋ ಹಾಗಿಲ್ಲ. ಆದರೆ ಅಲ್ಲಿ ನಮ್ಮ ಹೆಣ್ಣುಮಕ್ಕಳು ಗಂಡ ಬಿಟ್ಟುಹೋದವರು, ನ್ಯಾಯ ಕೇಳೋರು. ಪ್ರೀತಿಸಿ, ಮದುವೆಯಾಗಿ, ಗ್ಯಾಸ್ ಕನೆಕ್ಷನ್ನಿಗೆ ಓಡಾಡಿ, ಅತ್ತೆಯ ಜೊತೆ ಜಗಳವಾಡಿ ಬದುಕೋ ಕತೆ ನಮಗೆ ಇನ್ನೂ ಬಂದಿಲ್ಲ. ಬರೆಯೋಕೆ ಈ ಬಳಗದಲ್ಲೇ ಜನ ಇದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸಿನ ಮೇಲೆಯೇ ಒಂದು ಕಾದಂಬರಿ ಆಗುತ್ತೆ. ಕಚೇರಿಯ ಗೋಡೆ ಮೇಲೆ ಇಬ್ಬರ ಹೆಸರು, ವಿಳಾಸ, ಯಾರು ಬೇಕಾದರೂ ನಿಂತು ಓದಬಹುದು. ಓದಿದವನು ಊರಿಗೆ ಫೋನ್ ಮಾಡಬಹುದು.

ಹೋದ ಜೂನ್‌ನಲ್ಲಿ ಅಡ್ಮಿಷನ್ ಟೇಬಲ್ಲಿನಲ್ಲಿ ನಾನು ಕೂತಿದ್ದಾಗ ಅಂಥ ಒಂದು ಜೋಡಿ ಮಗಳನ್ನು ಕರಕೊಂಡು ಬಂತು. ಫಾರ್ಮಿನಲ್ಲಿ ಧರ್ಮ, ಜಾತಿ ಅಂತ ಎರಡು ಖಾನೆ. ಅಪ್ಪ ಪೆನ್ನು ಹಿಡಿದು ಅಮ್ಮನ ಮುಖ ನೋಡಿದ, ಅಮ್ಮ ನನ್ನ ಮುಖ ನೋಡಿದಳು. ಹಿಂದೆ ಸಾಲು ಬೆಳೀತಿತ್ತು. "ಖಾಲಿ ಬಿಟ್ಟರೆ ನಡೆಯುತ್ತಾ ಮೇಡಂ?" ಅಂತ ಆಕೆ ಕೇಳಿದಳು. ಬಿಡಿ ಅಂದೆ. ಆಫೀಸಿನವರು ಆಮೇಲೆ ಕೇಳಿದರೆ ನಾನೇ ಮಾತಾಡ್ತೀನಿ ಅಂತ ಹೇಳಿ ಮುಂದಿನವರನ್ನು ಕರೆದೆ.